ಗಣಕಯುಗದಲ್ಲಿ ಪಾಠಪರಿಷ್ಕರಣ

ಓಲೆಗರಿಗಳನ್ನು ಮುಟ್ಟಿ ಓದಿದ ಅನುಭವವುಳ್ಳವರಿಗೆ ಒಂದು ಸಂಗತಿ ತಿಳಿದೇ ಇರುತ್ತದೆ. ಕಾವ್ಯ ಮುಗಿದು, ಫಲಶ್ರುತಿಯೂ ಮುಗಿದು, ಇನ್ನು ಕಟ್ಟಿಗೆ ದಾರ ಸುತ್ತಬೇಕು ಎನ್ನುವಲ್ಲಿ ಲಿಪಿಕಾರನು ತನ್ನ ಮಾತಾಗಿ ಒಂದೆರಡು ಸಾಲು ಸೇರಿಸಿರುವುದುಂಟು. ತಾನು ಕಂಡಂತೆ ಬರೆದಿರುವೆನೆಂದೂ, ತಪ್ಪಿದ್ದಲ್ಲಿ ಬಲ್ಲವರು ತಿದ್ದಿ ಓದಬೇಕೆಂದೂ ಅದರ ತಾತ್ಪರ್ಯ. ವಿದ್ವತ್ ತರಗತಿಯಲ್ಲಿ ಓದುತ್ತಿದ್ದ ಕಾಲದಲ್ಲಿ ನಾನು ಇದನ್ನು ಬರಿಯ ವಿನಯದ ಮಾತೆಂದು ಭಾವಿಸಿದ್ದೆ. ಅದು ವಿನಯವಷ್ಟೇ ಅಲ್ಲ, ಓದುಗನಿಗೆ ಕೊಟ್ಟ ಒಂದು ಹಕ್ಕೂ ಹೌದೆಂಬುದು ಹೊಳೆದದ್ದು ಐವತ್ತು ದಾಟಿದ ಮೇಲೆ. ಅದೂ ಗಣಕಯಂತ್ರದ ಮುಂದೆ ಕುಳಿತಿದ್ದಾಗ. ಅದು ಹೇಗೆಂಬುದನ್ನು ನಮ್ಮ ಸಂಸ್ಥೆಯ ಅಧ್ಯಾಪಕ ಬಂಧುಗಳ, ಹಿರಿಯ ವಿದ್ಯಾರ್ಥಿಗಳ ಹಾಗೂ ಪೋಷಕ ಮಹನೀಯರ ಮುಂದೆ ನಿವೇದಿಸಲು ಅಪೇಕ್ಷಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮ ವಾರ್ಷಿಕ ಸಂಚಿಕೆಯ ಕರಡು ತಿದ್ದುವ ಹೊಣೆ ನನ್ನ ಪಾಲಿಗೆ ಬಂದಿತ್ತು. ಅದರಲ್ಲಿ ರ‍್ಯಾಂಕ್ ಗಳಿಸಿದ ವಿದ್ಯಾರ್ಥಿಗಳ ಪಟ್ಟಿಯೊಂದಿತ್ತು. ಪಟ್ಟಿಯ ಉದ್ದಕ್ಕೂ ಆ ಪದದ ರಕಾರವು ಮುಂದಿನ ಯಕಾರದ ಪಕ್ಕಕ್ಕೆ ಅರ್ಕಾವತ್ತಾಗಿ ಹಾರಿ ಕುಳಿತಿತ್ತು. 'ಸೂರ್ಯ', 'ಕಾರ್ಯ'ಗಳಲ್ಲಿ ಅರ್ಕಾವತ್ತು ಸಾಧುವೇ ಸರಿ. ಪದದ ಮೊದಲಲ್ಲಿಯೇ ಬರುವ ರಕಾರಕ್ಕೆ ಯಕಾರದ ಒತ್ತು ಕೆಳಗೆ ಬರಬೇಕಲ್ಲದೆ, ರಕಾರವೇ ಸ್ಥಾನಭ್ರಷ್ಟವಾಗುವುದು ಎಲ್ಲಿಯ ನ್ಯಾಯ? ಕೆಂಪು ಶಾಯಿಯಲ್ಲಿ ಪ್ರತಿಯೊಂದನ್ನೂ ತಿದ್ದಿ ಕಳುಹಿಸಿದೆ. ಎರಡನೆಯ ಕರಡಿನಲ್ಲಿಯೂ ಅದೇ. ಮೂರನೆಯದರಲ್ಲಿಯೂ ಅದೇ. ಅಚ್ಚುಕೂಟದವರನ್ನು ಕೇಳಿದರೆ, "ಕಂಪ್ಯೂಟರಿನಲ್ಲಿ ಹಾಗೆಯೇ ಬರುತ್ತದೆ ಮೇಷ್ಟ್ರೇ, ನಾವೇನೂ ಮಾಡುವಂತಿಲ್ಲ" ಎಂದರು. ಸಂಚಿಕೆ ತಪ್ಪಿನೊಂದಿಗೇ ಅಚ್ಚಾಯಿತು. ಮೊಳೆಯ ಅಕ್ಷರಗಳ ಕಾಲದಲ್ಲಾಗಿದ್ದರೆ ಅಕ್ಷರ ಜೋಡಿಸುವಾತನು ಚಿಮಟದಿಂದ ತಪ್ಪಾದ ಮೊಳೆಯನ್ನು ಕಿತ್ತು ಸರಿಯಾದದ್ದನ್ನು ಕೂರಿಸುತ್ತಿದ್ದ. ಕನ್ನಡ ಬಲ್ಲವನ ಕೈಗೆ ಎಟುಕದಂಥ ಕನ್ನಡದ ತಪ್ಪನ್ನು ನಾನು ಕಂಡದ್ದು ಅದೇ ಮೊದಲು.

ಹಿರಿಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಬೆಂಗಳೂರಿನಿಂದ ಬಂದಿದ್ದ ನನ್ನ ಶಿಷ್ಯನೊಬ್ಬನ ಮುಂದೆ ಈ ಸಂಕಟವನ್ನು ತೋಡಿಕೊಂಡೆ. ತಂತ್ರಾಂಶ ರಚನೆಯೇ ಅವನ ವೃತ್ತಿ. ಅವನು ನಕ್ಕು, "ಮೇಷ್ಟ್ರೇ, ಕಂಪ್ಯೂಟರಿನ ಒಳಗೆ ಅಕ್ಷರದ ಚಿತ್ರ ಇರುವುದಿಲ್ಲ, ನೀವು ಉಚ್ಚರಿಸುವ ಕ್ರಮ ಮಾತ್ರ ಇರುತ್ತದೆ. ಚಿತ್ರ ಬಿಡಿಸುವುದು ಇನ್ನೊಬ್ಬನ ಕೆಲಸ. ಆ ಇನ್ನೊಬ್ಬ ಏನು ಓದಿಕೊಂಡಿದ್ದಾನೆ ಎಂಬುದನ್ನು ನೋಡಬೇಕು" ಎಂದ. ಅಂದು ಸಂಜೆ ಅವನು ನನಗೆ ಹೇಳಿಕೊಟ್ಟ ಪಾಠವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಇಂದು ಜಗತ್ತಿನ ಲಿಪಿಗಳಿಗೆಲ್ಲ ಯೂನಿಕೋಡ್ ಎಂಬ ಏಕರೂಪದ ಸಂಕೇತಪದ್ಧತಿಯಿದೆ. ಅದರಂತೆ ರಕಾರ, ವಿರಾಮಚಿಹ್ನೆ, ಯಕಾರ ಈ ಮೂರೂ ಅನುಕ್ರಮವಾಗಿ ಬಂದರೆ ಅರ್ಕಾವತ್ತಿನ ರೂಪ ಮೂಡಬೇಕು. ಅರ್ಕಾವತ್ತು ಬೇಡವಾದಲ್ಲಿ ರಕಾರಕ್ಕೂ ವಿರಾಮಕ್ಕೂ ನಡುವೆ ಕಣ್ಣಿಗೆ ಕಾಣದ ಒಂದು ಸಂಯೋಜಕ ಚಿಹ್ನೆಯನ್ನು ಇಡಬೇಕು. ಆದರೆ ಹಿಂದಿನ ರೂಢಿಯೊಂದರಲ್ಲಿ ಈ ಸಂಯೋಜಕವನ್ನು ವಿರಾಮದ ಅನಂತರ ಇಡುತ್ತಿದ್ದರು. ನಮ್ಮ ಪಟ್ಟಿ ಆ ಹಳೆಯ ಕ್ರಮದಲ್ಲಿ ಬೆರಳಚ್ಚಾಗಿತ್ತು. ಅಚ್ಚುಕೂಟದ ತಂತ್ರಾಂಶಕ್ಕೆ ಹೊಸ ಕ್ರಮವೊಂದೇ ಗೊತ್ತಿತ್ತು. ಬರೆದವನೂ ತಪ್ಪಿರಲಿಲ್ಲ, ಬಿಡಿಸಿದವನೂ ತಪ್ಪಿರಲಿಲ್ಲ. ಇಬ್ಬರ ಸಂಪ್ರದಾಯ ಬೇರೆಯಾಗಿತ್ತು. ಹಸ್ತಪ್ರತಿಶಾಸ್ತ್ರದಲ್ಲಿ ಇಂಥವು ದಿನನಿತ್ಯದ ಮಾತಲ್ಲವೆ?

ಮುಂದೆ ಅವನು ತೋರಿಸಿದ್ದು ನನ್ನನ್ನು ನಿಜವಾಗಿ ಬೆರಗುಗೊಳಿಸಿತು. ಹಾರ್ಫ್‌ಬಝ್ ಎಂಬುದೊಂದು ತಂತ್ರಾಂಶವಿದೆ. 'ತೆರೆದ ಅಕ್ಷರ' ಎಂಬರ್ಥದ ಪಾರಸಿ ಮಾತಿನಿಂದ ಅದರ ಹೆಸರು ಬಂದಿದೆ. ಫೈರ್‌ಫಾಕ್ಸ್, ಕ್ರೋಮ್, ಲಿಬ್ರೆಆಫೀಸ್, ಆಂಡ್ರಾಯ್ಡ್ ಫೋನುಗಳು, ಇವೆಲ್ಲವುಗಳಲ್ಲಿ ಅಕ್ಷರಗಳನ್ನು ಜೋಡಿಸಿ ಒತ್ತು ಕೊಂಬುಗಳನ್ನು ಸ್ವಸ್ಥಾನದಲ್ಲಿ ಕೂರಿಸುವ ಕೆಲಸ ಅದರದು. ಅದರ ಮೂಲಪಾಠ, ಅಂದರೆ ಸೋರ್ಸ್ ಕೋಡ್, ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿದೆ. ಶಿಷ್ಯನು ಅದರಲ್ಲಿ ಒಂದು ಸ್ಥಳವನ್ನು ತೆರೆದು ಬೆರಳಿಟ್ಟು ತೋರಿಸಿದ. ಕನ್ನಡದ ಹೆಸರನ್ನೇ ಹೇಳಿ, ಹಳೆಯ ರೂಢಿಯಂತೆ ಸಂಯೋಜಕವು ವಿರಾಮದ ಅನಂತರ ಬಂದಿದ್ದರೂ ಅದನ್ನು ಹೊಸ ಕ್ರಮದಂತೆಯೇ ಎಣಿಸಬೇಕೆಂದು ಅಲ್ಲಿ ಒಂದು ಟಿಪ್ಪಣಿಯಿತ್ತು. ಅದರ ಕೆಳಗೆ ಹಾಗೆ ಎಣಿಸುವ ನಾಲ್ಕಾರು ಸಾಲು. ಜೊತೆಗೆ, ಈ ತೊಡಕು ಮೊದಲು ವರದಿಯಾದ ಪ್ರಕರಣದ ಸಂಖ್ಯೆ 435. ಯಾರೋ ಒಬ್ಬರು ಇದನ್ನು ಕಂಡು, ಸುಮ್ಮನೆ ಗೊಣಗಿಕೊಳ್ಳದೆ, ಬರೆದು ತಿಳಿಸಿದ್ದರು. ಮತ್ತೊಬ್ಬರು ತಿದ್ದಿದ್ದರು. ಅಷ್ಟರಿಂದಲೇ ಆ ತಂತ್ರಾಂಶವನ್ನು ಬಳಸುವವರ ಪರದೆಯ ಮೇಲೆ ಹಳೆಯ ಬರಹಗಳೂ ನೇರವಾದವು.

ಮೂಲಪಾಠವನ್ನು ಹೀಗೆ ತೆರೆದಿಡುವ ಪದ್ಧತಿಯ ಹಿನ್ನೆಲೆಯನ್ನು ಇಲ್ಲಿ ಪ್ರಸ್ತಾಪಿಸುವುದು ಅಪ್ರಸ್ತುತವಾಗಲಾರದು. ಏಕೆಂದರೆ ಅದು ಹುಟ್ಟಿದ್ದೇ ಒಂದು ಕಿರಿಕಿರಿಯಿಂದ, ಅದೂ ಮುದ್ರಣಯಂತ್ರದ ಕಿರಿಕಿರಿಯಿಂದ. 1980ರ ಸುಮಾರಿನಲ್ಲಿ ಅಮೆರಿಕೆಯ ಮ್ಯಾಸಚೂಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯ ಕೃತಕ ಬುದ್ಧಿಮತ್ತೆಯ ಪ್ರಯೋಗಶಾಲೆಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವರು ಕೆಲಸ ಮಾಡುತ್ತಿದ್ದರು. ಅಲ್ಲಿನ ಹಳೆಯ ಮುದ್ರಣಯಂತ್ರದಲ್ಲಿ ಕಾಗದ ಸಿಕ್ಕಿಕೊಂಡರೆ, ಕಾಯುತ್ತಿದ್ದವರ ಪರದೆಗೆ ತಾನಾಗಿ ಸುದ್ದಿ ಹೋಗುವಂತೆ ಅದರ ತಂತ್ರಾಂಶವನ್ನು ತಿದ್ದಿಕೊಂಡಿದ್ದರು. ಜೆರಾಕ್ಸ್ ಕಂಪನಿಯ ಹೊಸ ಲೇಸರ್ ಯಂತ್ರ ಬಂದಾಗ ಮೂಲಪಾಠ ಜೊತೆಗೆ ಬರಲಿಲ್ಲ. ಕಾಗದ ಸಿಕ್ಕಿಕೊಳ್ಳುವುದು ತಪ್ಪಲಿಲ್ಲ. ತಿದ್ದುವ ದಾರಿ ಮಾತ್ರ ತಪ್ಪಿಹೋಯಿತು. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಅದರ ಪ್ರತಿಯುಳ್ಳವರೊಬ್ಬರನ್ನು ಕೇಳಿದಾಗ, ಯಾರಿಗೂ ಕೊಡುವುದಿಲ್ಲವೆಂದು ತಾವು ಮಾತು ಕೊಟ್ಟಿರುವುದಾಗಿ ಹೇಳಿ ಅವರು ನಿರಾಕರಿಸಿದರು. ಸ್ಟಾಲ್‌ಮನ್ ಅವರು 1983ರಲ್ಲಿ ಗ್ನೂ ಯೋಜನೆಯನ್ನು ಘೋಷಿಸಿದರು. 1985ರಲ್ಲಿ ಸ್ವತಂತ್ರ ತಂತ್ರಾಂಶ ಪ್ರತಿಷ್ಠಾನ ಸ್ಥಾಪನೆಯಾಯಿತು. 1989ರಲ್ಲಿ ಜಿಪಿಎಲ್ ಎಂಬ ಪರವಾನಗಿಯ ಮೊದಲ ಆವೃತ್ತಿ ಹೊರಬಂದಿತು. ಬಳಸುವ, ಓದಿ ತಿದ್ದುವ, ಪ್ರತಿ ಮಾಡಿ ಹಂಚುವ, ತಿದ್ದಿದ ಪ್ರತಿಯನ್ನೂ ಹಂಚುವ ಹಕ್ಕುಗಳನ್ನು ಅದು ಎಲ್ಲರಿಗೂ ಕೊಡುತ್ತದೆ. ಓಪನ್ ಸೋರ್ಸ್ ಎಂಬ ಹೆಸರು 1998ರಲ್ಲಿ ಬಂದದ್ದು. ಇವೆರಡು ಹೆಸರುಗಳ ನಡುವೆ ತಾತ್ತ್ವಿಕ ವಾದವಿದೆ. ಅದನ್ನು ಇಲ್ಲಿ ಬೆಳೆಸುವುದಿಲ್ಲ.

ಮುಚ್ಚಿದ ಪಾಠದ ಪಾಡೇನೆಂಬುದಕ್ಕೆ ನಮ್ಮ ನೆರೆಯ ಲಿಪಿಯಿಂದಲೇ ಒಂದು ದೃಷ್ಟಾಂತ. 2018ರ ಫೆಬ್ರವರಿಯಲ್ಲಿ ತೆಲುಗಿನ 'ಜ್ಞಾ' ಅಕ್ಷರದ ಒಂದು ವಿಶಿಷ್ಟ ಜೋಡಣೆಯನ್ನು ತೋರಿಸಹೊರಟ ಐಫೋನಿನ ಕಾರ್ಯಕ್ರಮಗಳು ತಟ್ಟನೆ ಕುಸಿದುಬೀಳುತ್ತಿದ್ದವು. ಜ್ಞಾನದ ಮೊದಲಕ್ಷರವೇ ಹೀಗೆ ಮಾಡಬೇಕೆ ಎಂದು ಅಂದು ಹಾಸ್ಯವಾಡಿದವರುಂಟು. ಆಪಲ್ ಕಂಪನಿಯು ಅದೇ ತಿಂಗಳ 19ರಂದು ಪರಿಹಾರವನ್ನು ಹೊರತಂದಿತೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಅಲ್ಲಿಯವರೆಗೆ ತೆಲುಗು ಬಲ್ಲ ಯಾವ ಪಂಡಿತನೂ, ತಂತ್ರಾಂಶ ಬಲ್ಲ ಯಾವ ಆಂಧ್ರನೂ ಆ ಪಾಠವನ್ನು ಬಿಚ್ಚಿ ನೋಡುವಂತಿರಲಿಲ್ಲ, ಕಾಯಬೇಕಿತ್ತು.

ಇಷ್ಟೆಲ್ಲ ಕೇಳಿದ ಮೇಲೆ ನನಗೂ ಉಮೇದು ಬಂದಿತು. ಹಳಗನ್ನಡ ಪಾಠ ಮಾಡುವವರಿಗೆ ಱ ಮತ್ತು ೞ ಎಂಬೆರಡು ಅಕ್ಷರಗಳಿಲ್ಲದೆ ನಡೆಯದು. 'ಅಳಿ' ಎಂದರೆ ದುಂಬಿ, 'ಅೞಿ' ಎಂದರೆ ನಾಶವಾಗು. 'ಅರಿ' ಎಂದರೆ ಶತ್ರು, 'ಅಱಿ' ಎಂದರೆ ತಿಳಿ. ನಾನು ಮಕ್ಕಳಿಗೆ ಟಿಪ್ಪಣಿ ಸಿದ್ಧಪಡಿಸಲು ಬಳಸುತ್ತಿದ್ದ ಅಕ್ಷರಮಾದರಿಯಲ್ಲಿ, ಎಂದರೆ ಫಾಂಟಿನಲ್ಲಿ, ೞಕಾರಕ್ಕೆ ಗುಡಿಸು ಕೊಟ್ಟರೆ ಅದು ತಲೆಯ ಮೇಲೆ ಕೂರದೆ, ಗಾಳಿಗೆ ಹಾರಿದ ಪೇಟದಂತೆ ಪಕ್ಕದಲ್ಲಿ ಜೋತುಬೀಳುತ್ತಿತ್ತು. ಆ ಫಾಂಟು ಮುಕ್ತ ಪರವಾನಗಿಯದು. "ಹಾಗಾದರೆ ನಾವೇ ತಿದ್ದೋಣ" ಎಂದ ಶಿಷ್ಯ. ನಾನು ಬೊರು ಲೇಖನಿಯಿಂದ ಅಕ್ಷರವನ್ನು ದೊಡ್ಡದಾಗಿ ಬರೆದುಕೊಟ್ಟೆ. ಅವನು ಫಾಂಟ್‌ಫೋರ್ಜ್ ಎಂಬ, ಅದೂ ಮುಕ್ತವೇ ಆದ, ತಂತ್ರಾಂಶದಲ್ಲಿ ಅದರ ರೇಖೆಗಳನ್ನು ಎಳೆದ. ಉತ್ಸಾಹದ ಭರದಲ್ಲಿ ಕಣ್ಣಿಗೆ ಸರಿಕಾಣದ ಇನ್ನೂ ಹತ್ತು ಹನ್ನೆರಡು ಅಕ್ಷರಗಳ ನಡುವಣ ಅಂತರವನ್ನೂ ಬದಲಿಸಿ, ಎಲ್ಲವನ್ನೂ ಒಂದೇ ಗಂಟಾಗಿ ಕಟ್ಟಿ ಕಳುಹಿಸಿದೆವು.

ಮೂರು ವಾರದ ಮೇಲೆ ನಿರ್ವಾಹಕರಿಂದ ಉತ್ತರ ಬಂದಿತು. ಒಪ್ಪಿಲ್ಲ. ಗುಡಿಸಿನ ದೋಷ ನಿಜವೆಂದೂ, ಆದರೆ ಉಳಿದ ಬದಲಾವಣೆಗಳು ಅದಕ್ಕೆ ಸಂಬಂಧಿಸಿದವಲ್ಲವೆಂದೂ, ಅವುಗಳಿಂದ ಈಗಾಗಲೇ ಈ ಫಾಂಟಿನಲ್ಲಿ ಪುಟ ಕಟ್ಟಿದ ಪುಸ್ತಕಗಳ ಸಾಲುಗಳು ಅಸ್ತವ್ಯಸ್ತವಾಗುತ್ತವೆಂದೂ, ಒಂದು ಸಲಕ್ಕೆ ಒಂದೇ ದೋಷವನ್ನು ತಿದ್ದಬೇಕೆಂದೂ ಬರೆದಿದ್ದರು. ಜೊತೆಗೆ, ೞಕಾರದ ಈ ಸಂಯುಕ್ತ ರೂಪಕ್ಕೆ ಆಧಾರವೇನೆಂದು ಕೇಳಿದ್ದರು. ಮೂವತ್ತು ವರ್ಷ ಹಳಗನ್ನಡ ಕಲಿಸಿದವನನ್ನು ಆಧಾರ ಕೇಳುವುದೆ ಎಂದು ಆ ದಿನ ನನಗೆ ಸಿಟ್ಟು ಬಂದದ್ದನ್ನು ಮರೆಮಾಚುವುದಿಲ್ಲ. ರಾತ್ರಿ ಯೋಚಿಸಿದಾಗ, ಗ್ರಂಥಸಂಪಾದನೆಯಲ್ಲಿ ನಾನು ನನ್ನ ವಿದ್ಯಾರ್ಥಿಗಳಿಗೆ ಹೇಳುವುದೂ ಅದನ್ನೇ ಎಂಬುದು ನೆನಪಾಯಿತು. ಪ್ರತಿಗಳ ಆಧಾರವಿಲ್ಲದೆ ಸಂಪಾದಕನು ತನ್ನ ಅಭಿರುಚಿಯನ್ನೇ ಪಾಠವೆಂದು ಮಂಡಿಸಿದರೆ ನಾವು ಅವನನ್ನು ಏನೆಂದು ಕರೆಯುತ್ತೇವೆ? ಮಠದ ಭಂಡಾರದಲ್ಲಿದ್ದ ಓಲೆಯ ಎರಡು ಗರಿಗಳ ಮತ್ತು ಹಳೆಯ ಅಚ್ಚಿನ ಪುಸ್ತಕವೊಂದರ ಪುಟದ ಛಾಯಾಚಿತ್ರಗಳನ್ನು ತೆಗೆದು, ಗುಡಿಸಿನ ತಿದ್ದುಪಡಿಯೊಂದನ್ನೇ ಪ್ರತ್ಯೇಕಿಸಿ, ಮತ್ತೆ ಕಳುಹಿಸಿದೆವು. ನಾಲ್ಕು ತಿಂಗಳ ಬಳಿಕ ಹೊರಬಂದ ಆವೃತ್ತಿಯಲ್ಲಿ 'ಅೞಿ' ಸರಿಯಾಗಿ ಕಾಣಿಸಿತು. ಒಂದೇ ಅಕ್ಷರ! ಆದರೂ ಆ ದಿನ ತರಗತಿಯಲ್ಲಿ ಅದನ್ನು ಪರದೆಯ ಮೇಲೆ ಎರಡು ಸಲ ತೋರಿಸಿದೆ.

ಮತ್ತೊಂದು ಪ್ರಸಂಗದಲ್ಲಿ ನಾನೇ ತಪ್ಪಿದೆ. ಕಾಗುಣಿತ ಪರೀಕ್ಷಿಸುವ ಮುಕ್ತ ತಂತ್ರಾಂಶಗಳಲ್ಲಿ ಹನ್‌ಸ್ಪೆಲ್ ಎಂಬುದು ಪ್ರಸಿದ್ಧ. ಹಂಗೇರಿಯನ್ ಭಾಷೆಗಾಗಿ ಹುಟ್ಟಿದ್ದು. ನಮ್ಮಂತೆಯೇ ಪ್ರಕೃತಿಗೆ ಪ್ರತ್ಯಯಗಳು ಸಾಲುಸಾಲಾಗಿ ಹತ್ತುವ ಭಾಷೆ ಅದು. ಒಂದು ಕಡತದಲ್ಲಿ ಪ್ರಕೃತಿಗಳ ಪಟ್ಟಿ, ಇನ್ನೊಂದರಲ್ಲಿ ಪ್ರತ್ಯಯಗಳ ಸೂತ್ರ. 'ಮನೆ' ಎಂಬುದೊಂದನ್ನು ಕೊಟ್ಟು ಸೂತ್ರ ಸರಿಯಾಗಿ ಬರೆದರೆ ಮನೆಯ, ಮನೆಗೆ, ಮನೆಯಲ್ಲಿ, ಮನೆಯಿಂದ ಎಲ್ಲವೂ ಸಿದ್ಧಿಸುತ್ತವೆ. ವ್ಯಾಕರಣ ಬಲ್ಲವನಿಗೆ ಇದಕ್ಕಿಂತ ಪರಿಚಿತ ಮನೆ ಬೇರೆ ಯಾವುದಿದೆ? ತಂತ್ರಾಂಶ ಬರೆಯಲು ಬಾರದವನೂ ಇಲ್ಲಿ ಕೆಲಸ ಮಾಡಬಲ್ಲ. ಸರಿಯಾದ ಪದಗಳಿಗೂ ಕೆಂಪು ಗೆರೆ ಎಳೆಯುತ್ತಿದ್ದ ಅಂಥದೊಂದು ಪದಪಟ್ಟಿಗೆ ನಾನು ಪದಗಳನ್ನು ಸೇರಿಸತೊಡಗಿದೆ. ಅಷ್ಟಕ್ಕೆ ನಿಲ್ಲಿಸದೆ 'ಬರ್ತಾನೆ', 'ಹೋಗ್ತೀನಿ' ಮುಂತಾದ ರೂಪಗಳನ್ನು ಅಸಾಧುವೆಂದು ತೆಗೆದುಹಾಕಲು ಸೂಚಿಸಿದೆ. ಪಟ್ಟಿಯನ್ನು ನೋಡಿಕೊಳ್ಳುವ ಯುವಕನೊಬ್ಬನು ಸವಿನಯವಾಗಿ ಉತ್ತರಿಸಿದ: ಕಥೆ ಬರೆಯುವವರು ಸಂಭಾಷಣೆಯಲ್ಲಿ ಇವನ್ನು ಬರೆಯುತ್ತಾರೆ, ಈ ಪಟ್ಟಿ ಪಾಠಶಾಲೆಗೆ ಮಾತ್ರವಲ್ಲ. ಅವನ ಮಾತೇ ಸರಿ. ಆ ಸೂಚನೆಯನ್ನು ಹಿಂತೆಗೆದುಕೊಂಡೆ.

ತಿದ್ದಲಾಗದ ತಪ್ಪುಗಳೂ ಇವೆ. ಯೂನಿಕೋಡಿನಲ್ಲಿ ಇದೇ ನಮ್ಮ ೞಕಾರಕ್ಕೆ ಇಂಗ್ಲಿಷಿನಲ್ಲಿ ಕೊಟ್ಟಿರುವ ಹೆಸರು 'ಕನ್ನಡ ಲೆಟರ್ ಫ'. ಎಲ್ಲಿಯ ೞ, ಎಲ್ಲಿಯ ಫ! ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸತಕ್ಕದ್ದಲ್ಲವೆಂಬುದು ಅವರ ನಿಯಮ, ಏಕೆಂದರೆ ಆ ಹೆಸರನ್ನು ನೆಚ್ಚಿದ ತಂತ್ರಾಂಶಗಳು ಮುರಿದುಬೀಳಬಹುದು. ಆದುದರಿಂದ ಮೂಲದ ತಪ್ಪನ್ನು ಹಾಗೆಯೇ ಇಟ್ಟು, ಪಕ್ಕದಲ್ಲಿ ಸರಿಯಾದ ಪರ್ಯಾಯನಾಮವನ್ನು ಅಧಿಕೃತವಾಗಿ ನಮೂದಿಸಿದ್ದಾರೆ. ಮೂಲಪಾಠವನ್ನು ಮುಟ್ಟದೆ ಅಡಿಟಿಪ್ಪಣಿಯಲ್ಲಿ ಶುದ್ಧಪಾಠ ಕೊಡುವ ನಮ್ಮ ಸಂಪಾದಕರ ಕ್ರಮಕ್ಕೂ ಇದಕ್ಕೂ ಏನು ಅಂತರ? ಆಧಾರಸಹಿತವಾದ ಪ್ರಸ್ತಾವನೆ ಕಳುಹಿಸಿದರೆ ಅಲ್ಲಿ ಹೊಸ ಅಕ್ಷರಗಳಿಗೆ ಸ್ಥಾನವೂ ದೊರಕುತ್ತದೆ. ಹಳೆಯ ಬರವಣಿಗೆಯ ನಕಾರಪೊಲ್ಲು 2021ರ ಆವೃತ್ತಿಯಲ್ಲಿ ಸೇರಿದ್ದು ಹಾಗೆ.

ದೋಷ ತಿಳಿಸುವ ವಿಧಾನವನ್ನು ಕುರಿತು ಅಧ್ಯಾಪಕ ಬಂಧುಗಳಿಗೆ ಎರಡು ಮಾತು. 'ಕನ್ನಡ ಸರಿಯಾಗಿ ಬರುವುದಿಲ್ಲ' ಎಂದು ಬರೆದರೆ ಓದಿದವನಿಗೆ ಏನೂ ತಿಳಿಯದು. ಯಾವ ತಂತ್ರಾಂಶ, ಅದರ ಯಾವ ಆವೃತ್ತಿ, ಯಾವ ಫಾಂಟು. ಯಾವ ಕೀಲಿಗಳನ್ನು ಯಾವ ಕ್ರಮದಲ್ಲಿ ಒತ್ತಿದಿರಿ. ಏನು ಕಾಣಬೇಕಿತ್ತು, ಏನು ಕಂಡಿತು ಎಂಬುದನ್ನು ಚಿತ್ರಸಹಿತ ಬರೆಯಬೇಕು. ಕನ್ನಡವರಿಯದ ನಿರ್ವಾಹಕನೂ ತನ್ನ ಮೇಜಿನ ಮೇಲೆ ಅದೇ ತಪ್ಪನ್ನು ಮತ್ತೆ ಕಾಣುವಂತಿರಬೇಕು. ಕಂಡರೆ ಅರ್ಧ ತಿದ್ದಿದಂತೆಯೇ. ಬರೆಯುವ ಮುನ್ನ ಬೇರೆಯವರು ಇದನ್ನು ತಿಳಿಸಿದ್ದಾರೆಯೇ ಎಂದು ಹುಡುಕುವುದು ಮರ್ಯಾದೆ. ತಿದ್ದುಪಡಿಯನ್ನೂ ಕಳುಹಿಸಬಲ್ಲವರು ಗಿಟ್ ಎಂಬ ಸಾಧನವನ್ನು ಕಲಿಯಬೇಕು. ಲಿನಕ್ಸ್‌ನ ಕರ್ತೃ ಲೀನಸ್ ಟೋರ್ವಾಲ್ಡ್ಸ್ 2005ರಲ್ಲಿ ರಚಿಸಿದ ಇದು, ಯಾವ ಸಾಲನ್ನು ಯಾರು ಎಂದು ಬದಲಿಸಿದರು, ಏಕೆಂದು ಹೇಳಿಕೊಂಡರು ಎಂಬುದನ್ನೆಲ್ಲ ದಾಖಲಿಸುತ್ತದೆ. ಪಂಪನ ಕಾವ್ಯದ ಪ್ರತಿಗಳಿಗೆ ಇಂಥದೊಂದು ದಾಖಲೆಯಿದ್ದಿದ್ದರೆ ಎಷ್ಟು ವಿದ್ವಾಂಸರ ಆಯುಷ್ಯ ಉಳಿಯುತ್ತಿತ್ತೋ!

ಇನ್ನು ದಾನಿಗಳ ಅವಗಾಹನೆಗೆ ತರಬೇಕಾದ ಸಂಗತಿಯೊಂದಿದೆ. ಪಾಠವನ್ನು ತೆರೆದಿಟ್ಟ ಮಾತ್ರಕ್ಕೆ ಓದುವವರಿರುತ್ತಾರೆಂದಲ್ಲ; ಮಠಗಳ ಅಟ್ಟದ ಮೇಲೆ ಓಲೆಗಳೂ ತೆರೆದೇ ಇದ್ದವು, ಗೆದ್ದಲು ಮಾತ್ರ ಓದಿತು. 2024ರ ಮಾರ್ಚಿಯಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಜ್ಞರು, ದೂರದ ಗಣಕವೊಂದಕ್ಕೆ ಪ್ರವೇಶ ಪಡೆಯಲು ಎಂದಿಗಿಂತ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯೆಂದು ಗಮನಿಸಿದರು. ಅರ್ಧ ಸೆಕೆಂಡೆಂದರೆ ಕಣ್ಣೆವೆ ಮುಚ್ಚಿ ತೆರೆದಷ್ಟು ಹೊತ್ತು. ಅವರು ಬಿಡದೆ ಬೆನ್ನಟ್ಟಿದಾಗ, ಕಡತಗಳನ್ನು ಅಡಕಗೊಳಿಸುವ ಎಕ್ಸ್‌ಝಡ್ ಎಂಬ ತಂತ್ರಾಂಶದ ಹೊಸ ಆವೃತ್ತಿಗಳಲ್ಲಿ ಒಬ್ಬರು ಕಳ್ಳಬಾಗಿಲನ್ನು ಅಡಗಿಸಿಟ್ಟಿದ್ದುದು ಬಯಲಾಯಿತು. ಇನ್ನು ಕೆಲವು ತಿಂಗಳು ಕಳೆದಿದ್ದರೆ ಅದು ಜಗತ್ತಿನ ಅಸಂಖ್ಯ ಗಣಕಗಳಿಗೆ ಹರಡುತ್ತಿತ್ತು. ಆ ತಂತ್ರಾಂಶವನ್ನು ಬಹುಕಾಲ ಒಬ್ಬರೇ, ಬಿಡುವಿನ ವೇಳೆಯಲ್ಲಿ, ಸಂಬಳವಿಲ್ಲದೆ ನೋಡಿಕೊಂಡು ದಣಿದಿದ್ದರು. ಕಿಡಿಗೇಡಿಯು ಎರಡು ವರ್ಷಕ್ಕೂ ಮಿಕ್ಕಿ ಒಳ್ಳೆಯ ತಿದ್ದುಪಡಿಗಳನ್ನು ಕಳುಹಿಸುತ್ತ ಸಹಾಯಕನಂತೆ ನಂಬಿಕೆ ಗಳಿಸಿಕೊಂಡಿದ್ದ. ಪಾಠ ತೆರೆದಿದ್ದುದರಿಂದಲೇ ಪತ್ತೆ ಸಾಧ್ಯವಾಯಿತು, ನಿಜ; ನೋಡಿಕೊಳ್ಳುವವರಿಗೆ ಜೊತೆಗಾರರಿಲ್ಲದ್ದರಿಂದಲೇ ಕಳ್ಳನು ಒಳಹೊಕ್ಕದ್ದೂ ನಿಜ. ಕನ್ನಡದ ಫಾಂಟು, ಪದಪಟ್ಟಿಗಳ ಹಿಂದೆಯೂ ಹೀಗೆ ರಾತ್ರಿಯ ಹೊತ್ತು ಒಂಟಿಯಾಗಿ ಕುಳಿತವರಿದ್ದಾರೆ. ಕೊಠಡಿ ಕಟ್ಟಿಸಿ ಕಲ್ಲಿನಲ್ಲಿ ಹೆಸರು ಕೆತ್ತಿಸುವುದು ಪುಣ್ಯಕಾರ್ಯವೇ. ಇಂಥವರ ಒಂದು ವರ್ಷದ ಶ್ರಮಕ್ಕೆ ಗೌರವಧನ ಕೊಡುವುದನ್ನೂ ಪೋಷಕ ಮಹನೀಯರು ಪರಿಶೀಲಿಸಬಹುದು.

ಕಳೆದ ವರ್ಷದಿಂದ ನಮ್ಮ ಒಂಬತ್ತನೆಯ ತರಗತಿಯ ಮಕ್ಕಳು ಶನಿವಾರದ ಕೊನೆಯ ಅವಧಿಯಲ್ಲಿ ಪಠ್ಯಪುಸ್ತಕದ ಪದಗಳನ್ನು ಗಣಕಕ್ಕೆ ಊಡಿ, ಕೆಂಪು ಗೆರೆ ಬಿದ್ದವುಗಳನ್ನು ಪಟ್ಟಿ ಮಾಡುತ್ತಿದ್ದಾರೆ. ಅದರಲ್ಲಿ ಅವರ ಕಾಗುಣಿತದ ತಪ್ಪೂ ಸಿಕ್ಕುತ್ತದೆ, ಗಣಕದ ತಪ್ಪೂ ಸಿಕ್ಕುತ್ತದೆ. ಯಾವುದು ಯಾರದೆಂದು ತೀರ್ಮಾನಿಸುವುದೇ ಅವರಿಗೆ ವ್ಯಾಕರಣ ಪಾಠವಾಗಿದೆ. ಮೊನ್ನೆ ಒಬ್ಬ ಹುಡುಗಿ 'ಎೞ್ದು' ಎಂಬಲ್ಲಿ ದಕಾರದ ಒತ್ತು ೞಕಾರದ ಹೊಟ್ಟೆಯನ್ನು ತಾಗುತ್ತಿರುವುದನ್ನು ಕಂಡುಹಿಡಿದಳು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ. ಆವೃತ್ತಿಯ ಸಂಖ್ಯೆ, ಚಿತ್ರ, ಓಲೆಯ ಆಧಾರ ಎಲ್ಲವನ್ನೂ ಸೇರಿಸಿ ವರದಿಯನ್ನು ಅವಳೇ ಬರೆದು ಕಳುಹಿಸಿದ್ದಾಳೆ. ಈ ಲೇಖನ ಅಚ್ಚಿಗೆ ಹೋಗುವ ಹೊತ್ತಿಗೆ ಅದಕ್ಕೆ ಉತ್ತರ ಬಂದಿಲ್ಲ. ಪ್ರತಿದಿನ ಬೆಳಗ್ಗೆ ಪ್ರಾರ್ಥನೆ ಮುಗಿದೊಡನೆ ಬಂದು ವಿಚಾರಿಸಿಕೊಂಡು ಹೋಗುತ್ತಿದ್ದಾಳೆ.